ಮಹಾವೀರಾಚಾರ್ಯನ ಒಂದು ಸಂಖ್ಯಾಮಾಲೆ

೧

ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ೧೨೩೪೫೬೫೪೩೨೧ ಎಂಬ ಸಂಖ್ಯೆಯು ಎರಡು ಕಡೆಗಳಲ್ಲಿ ಬರುತ್ತದೆ. ಒಮ್ಮೆ ಅದು ಗುಣಾಕಾರದ ಫಲ. ಇನ್ನೊಮ್ಮೆ ಭಾಗಾಕಾರದ ಭಾಜ್ಯ. ಗುಣಾಕಾರದ ಉದಾಹರಣೆಯಲ್ಲಿ ಆಚಾರ್ಯನು ಆ ಸಂಖ್ಯೆಯನ್ನು ಹೆಸರಿಸುವುದಿಲ್ಲ. ಏಕಸ್ಥಾನದಿಂದ ಮೊದಲುಮಾಡಿ ೧, ೮, ೬, ೪, ೯, ೯, ೭, ೨ ಎಂಬ ಅಂಕಗಳನ್ನು ಕ್ರಮವಾಗಿ ಇಡಬೇಕೆಂದೂ, ಹಾಗೆ ಇಟ್ಟ ರಾಶಿಯನ್ನು ೪೪೧ರಿಂದ ಗುಣಿಸಬೇಕೆಂದೂ ಹೇಳಿ, ಬರುವ ಫಲವೇನೆಂದು ಶಿಷ್ಯನನ್ನು ಕೇಳುತ್ತಾನೆ. ಅಂಕಗಳ ಗತಿಯು ಎಡಮುಖವಾದುದರಿಂದ ಗುಣ್ಯವು ೨೭೯೯೪೬೮೧ ಆಗುತ್ತದೆ. ಭಾಗಾಕಾರದ ಉದಾಹರಣೆಯಲ್ಲಾದರೋ ಅಂಕಗಳನ್ನು ಒಂದೊಂದಾಗಿ ಎಣಿಸದೆ, ಒಂದರಿಂದ ಆರಂಭಿಸಿ ಆರರವರೆಗೆ ಏರಿ ಬಳಿಕ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅದರ ಆಕಾರವನ್ನೇ ವರ್ಣಿಸಿ, ಅಷ್ಟು ದ್ರವ್ಯವನ್ನು ೪೪೧ ಜನರಿಗೆ ಹಂಚಿದರೆ ಒಬ್ಬನ ಪಾಲು ಎಷ್ಟೆಂದು ಕೇಳಿದೆ.

ಮೇಲ್ನೋಟಕ್ಕೆ ಇದು ವಿನೋದಕ್ಕಾಗಿ ಕಟ್ಟಿದ ಲೆಕ್ಕವೆಂದು ತೋರುವುದು ಸಹಜ. ಲೆಕ್ಕ ಮಾಡಿ ದಣಿದ ಬಾಲಕನ ಹಲಗೆಯ ಮೇಲೆ ಕಡೆಗೆ ಒಂದು ಅಂದವಾದ ಸಾಲು ಮೂಡಿದರೆ ಅವನಿಗೆ ಸಂತೋಷವಾಗುವುದು. ಅದಕ್ಕಿಂತ ಹೆಚ್ಚಿನ ಪ್ರಯೋಜನವೇನು ಎಂಬ ಪ್ರಶ್ನೆ ಏಳಬಹುದು. ಆದರೆ ಈ ಸಂಖ್ಯೆಯ ಗುಣಧರ್ಮಗಳನ್ನು ಬಿಡಿಸಿ ನೋಡಿದರೆ ಎರಡು ಸಂಗತಿಗಳು ತಿಳಿಯುತ್ತವೆ. ಮಾಲೆಯ ಆಕಾರವು ಸ್ಥಾನಕ್ರಮದಿಂದ ತಾನಾಗಿಯೇ ಒದಗುವಂಥದು. ಅದಕ್ಕೆ ವಿಶೇಷ ಪಾಂಡಿತ್ಯ ಬೇಡ. ಆದರೆ ಆ ಮಾಲೆಯನ್ನು ೪೪೧ ಮತ್ತು ೨೭೯೯೪೬೮೧ ಎಂಬ ಎರಡು ಭಾಗಗಳಾಗಿ ಒಡೆದು, ಆಕಾರದ ಸುಳಿವೇ ಇಲ್ಲದಂತೆ ಅಡಗಿಸಿಡುವುದಕ್ಕೆ ಸಂಖ್ಯೆಯ ಒಳಗನ್ನು ಅರಿತಿರಬೇಕು. ಮೊದಲನೆಯದು ದಶಗುಣೋತ್ತರ ಲೇಖನಪದ್ಧತಿಯ ಸಂಪತ್ತು. ಎರಡನೆಯದು ಆಚಾರ್ಯನ ಸ್ವಂತ ಸಂಪತ್ತು. ಈ ಎರಡನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮಹಾವೀರಾಚಾರ್ಯನು ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದವನು. ನೃಪತುಂಗನು ಸುಮಾರು ಕ್ರಿ. ಶ. ೮೧೪ರಿಂದ ೮೭೮ರವರೆಗೆ ಮಾನ್ಯಖೇಟದಿಂದ ರಾಜ್ಯವಾಳಿದನು. ಗಣಿತಸಾರಸಂಗ್ರಹದ ಆದಿಭಾಗದಲ್ಲಿ ಆ ದೊರೆಯ ಪ್ರಶಂಸೆಯಿರುವುದರಿಂದ ಗ್ರಂಥವು ೮೫೦ರ ಸುಮಾರಿಗೆ ಹುಟ್ಟಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದೂ ಇದೇ ಆಸ್ಥಾನದ ಆಶ್ರಯದಲ್ಲಿ ಎಂಬುದು ವಾಚಕರಿಗೆ ವಿದಿತವೇ ಇದೆ.

ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರ ಕೃತಿಗಳಲ್ಲಿ ಗಣಿತವು ಜ್ಯೋತಿಷಸಿದ್ಧಾಂತದ ಒಂದು ಅಂಗವಾಗಿ ಬರುತ್ತದೆ. ಗಣಿತಸಾರಸಂಗ್ರಹವಾದರೋ ಗಣಿತಕ್ಕೇ ಮೀಸಲಾದ ಗ್ರಂಥ. ಗ್ರಹಗತಿಯ ಚರ್ಚೆ ಅದರಲ್ಲಿಲ್ಲ. ಸಂಜ್ಞೆ, ಪರಿಕರ್ಮ, ಭಿನ್ನ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಮುಂತಾದ ವಿಷಯಗಳು ಸೂತ್ರಗಳಿಂದಲೂ ಉದಾಹರಣೆಗಳಿಂದಲೂ ನಿರೂಪಿತವಾಗಿವೆ. ಗ್ರಂಥಕರ್ತನು ಜೈನನಾದುದರಿಂದ ಜಿನಾಲಯಗಳಿಗೆ ಪದ್ಮಗಳನ್ನೂ ಮಣಿಗಳನ್ನೂ ಅರ್ಪಿಸುವ ಲೆಕ್ಕಗಳು ಮೊದಲಿಗೇ ಬರುತ್ತವೆ.

ಈ ಗ್ರಂಥವನ್ನು ಮೊದಲು ಮುದ್ರಣಕ್ಕೆ ತಂದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರ ಸಂಶೋಧಿತ ಪಾಠವೂ ಇಂಗ್ಲಿಷ್ ಅನುವಾದವೂ ೧೯೧೨ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯದಿಂದ ಹೊರಬಂದವು. ಗ್ರಂಥಪರಂಪರೆಯಲ್ಲಿ ಕನ್ನಡ ನಾಡಿನ ಪಾತ್ರವು ಚಿಕ್ಕದಲ್ಲ: ಕನ್ನಡ ಲಿಪಿಯ ಓಲೆಯ ಪ್ರತಿ, ವಲ್ಲಭನೆಂಬವನು ರಚಿಸಿದ ಕನ್ನಡ ಟೀಕೆಯುಳ್ಳ ಪ್ರತಿ, ಮೂಡುಬಿದಿರೆಯ ಜೈನಮಠದ ಪ್ರತಿ, ಇವು ಪಾಠಶೋಧನಕ್ಕೆ ಒದಗಿದವು. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆಯೂ, ೨೦೦೦ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದೊಡನೆಯೂ ಗ್ರಂಥವು ಮತ್ತೆ ಪ್ರಕಟವಾಯಿತು.

೩

ಈಗ ಸಂಖ್ಯೆಯ ಆಕಾರವನ್ನು ನೋಡಬಹುದು. ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೊದಲ ಹನ್ನೊಂದು: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ. ಪ್ರಕೃತ ಸಂಖ್ಯೆಗೆ ಹನ್ನೊಂದು ಅಂಕಗಳಿರುವುದರಿಂದ ಅದು ಸರಿಯಾಗಿ ಅರ್ಬುದಸ್ಥಾನದವರೆಗೆ ಮುಟ್ಟುತ್ತದೆ. ಅರ್ಬುದದಲ್ಲಿ ಒಂದು, ಏಕಸ್ಥಾನದಲ್ಲಿ ಒಂದು. ಶತಕೋಟಿಯಲ್ಲಿ ಎರಡು, ದಶಸ್ಥಾನದಲ್ಲಿ ಎರಡು. ಹೀಗೆ ಎರಡು ತುದಿಗಳಿಂದಲೂ ಸಮನಾಗಿ ಏರಿ ನಡುವಿನ ಲಕ್ಷಸ್ಥಾನದಲ್ಲಿ ಆರು ಎಂಬ ನಾಯಕಮಣಿ ಕುಳಿತಿದೆ. ಭಾಸ್ಕರಾಚಾರ್ಯನು ೧೧೫೦ರಲ್ಲಿ ಲೀಲಾವತಿಯಲ್ಲಿ ಹೇಳಿದ ಸ್ಥಾನಸಂಜ್ಞೆಗಳನ್ನು ಹಿಡಿದರೆ ಈ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದವಲ್ಲ, ಖರ್ವ. ಒಬ್ಬನ ಅರ್ಬುದ ಇನ್ನೊಬ್ಬನಿಗೆ ಖರ್ವವಾದರೂ ಸ್ಥಾನವು ಹನ್ನೊಂದನೆಯದೇ. ಸಂಜ್ಞೆಗಳು ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬದಲಾಗುತ್ತವೆ, ಸ್ಥಾನಕ್ರಮವು ಬದಲಾಗುವುದಿಲ್ಲ. ಆದುದರಿಂದಲೇ ಆಚಾರ್ಯನು ಈ ದೊಡ್ಡ ರಾಶಿಯನ್ನು ಸ್ಥಾನಗಳ ಹೆಸರಿಲ್ಲದೆ, ಕೇವಲ ಅಂಕಗಳ ಏರಿಳಿತದಿಂದ ಹೇಳಲು ಸಾಧ್ಯವಾಯಿತು.

ಇನ್ನೂ ಒಂದು ಸೂಕ್ಷ್ಮವುಂಟು. ಪದ್ಯದಲ್ಲಿ ಅಂಕಗಳನ್ನು ಹೇಳುವಾಗ ಅವು ಏಕಸ್ಥಾನದಿಂದ ಮೇಲಕ್ಕೆ ಹೋಗುವವೋ, ಮೇಲಿನಿಂದ ಕೆಳಕ್ಕೆ ಬರುವವೋ ಎಂಬ ಸಂಶಯಕ್ಕೆ ಎಡೆಯಿರುತ್ತದೆ. ಈ ಸಂಖ್ಯೆಯಲ್ಲಿ ಅಂಥ ಸಂಶಯವೇ ಇಲ್ಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ.

ಈ ಆಕಾರವು ಎಲ್ಲಿಂದ ಬಂದಿತು? ೧೨೩೪೫೬೫೪೩೨೧ ಎಂಬುದು ೧೧೧೧೧೧ರ ವರ್ಗ. ಆರು ಒಂದುಗಳುಳ್ಳ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲಿನಲ್ಲಿಯೂ ಆರು ಒಂದುಗಳೇ ಇದ್ದು, ಪ್ರತಿಯೊಂದೂ ತನ್ನ ಮೇಲಿನ ಸಾಲಿಗಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಏಕಸ್ಥಾನದಲ್ಲಿ ಒಂದೇ ಸಾಲಿನ ಒಂದು ಬೀಳುತ್ತದೆ. ದಶಸ್ಥಾನದಲ್ಲಿ ಎರಡು ಸಾಲುಗಳ ಒಂದುಗಳು. ಲಕ್ಷಸ್ಥಾನದಲ್ಲಿ ಆರು ಸಾಲುಗಳೂ ಕೂಡುತ್ತವೆ. ಅಲ್ಲಿಂದ ಮುಂದೆ ಒಂದೊಂದು ಸಾಲು ಮುಗಿಯುತ್ತ ಬಂದು ಅರ್ಬುದಸ್ಥಾನದಲ್ಲಿ ಕಡೆಯ ಸಾಲಿನ ಒಂದು ಮಾತ್ರ ಉಳಿಯುತ್ತದೆ. ಆರು ಸಾಲುಗಳಲ್ಲಿ ಆರಾರರಂತೆ ಒಟ್ಟು ಮೂವತ್ತಾರು ಒಂದುಗಳಿರುವುದರಿಂದ ಮಾಲೆಯ ಅಂಕಗಳ ಮೊತ್ತವೂ ಮೂವತ್ತಾರೇ ಆಗುತ್ತದೆ.

ಯಾವ ಸ್ಥಾನದಲ್ಲಿಯೂ ಮೊತ್ತವು ಒಂಬತ್ತನ್ನು ಮೀರದೆ ಇರುವುದು ಈ ಅಂದಕ್ಕೆ ಕಾರಣ. ಮೀರಿದರೆ ದಶಕವು ಮುಂದಿನ ಸ್ಥಾನಕ್ಕೆ ಹೋಗಿ ಸಾಲನ್ನು ಕೆಡಿಸುವುದು. ಆದುದರಿಂದ ಈ ಜಾತಿಯ ಮಾಲೆಗಳಿಗೆ ಒಂದು ಮೇರೆಯುಂಟು. ಒಂಬತ್ತು ಒಂದುಗಳ ವರ್ಗವು ೧೨೩೪೫೬೭೮೯೮೭೬೫೪೩೨೧. ಅದು ಅಖಂಡವಾದ ಮಾಲೆ. ಹತ್ತು ಒಂದುಗಳ ವರ್ಗವು ೧೨೩೪೫೬೭೯೦೦೯೮೭೬೫೪೩೨೧. ಇಲ್ಲಿ ನಡುವಣ ಮಣಿಗಳು ಚೆದರಿ ದಾರ ಹರಿದಿದೆ.

ಇದನ್ನು ಇನ್ನೊಂದು ರೀತಿಯಿಂದಲೂ ಪರೀಕ್ಷಿಸಬಹುದು. ಹತ್ತರ ಬದಲಿಗೆ ಏಳನ್ನು ಆಧಾರವಾಗಿಟ್ಟು, ಒಂದೊಂದು ಸ್ಥಾನವೂ ಹಿಂದಿನದರ ಏಳುಮಡಿಯಾಗುವಂತೆ ಅಂಕಗಳನ್ನು ಬರೆಯುವ ಪದ್ಧತಿಯನ್ನು ಕಲ್ಪಿಸಿಕೊಂಡರೆ, ಅಲ್ಲಿ ಆರು ಒಂದುಗಳ ಬೆಲೆ ೧೯೬೦೮. ಅದರ ವರ್ಗವಾದ ೩೮೪೪೭೩೬೬೪ನ್ನು ಆ ಪದ್ಧತಿಯಲ್ಲಿ ಬರೆದರೂ ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಇದೇ ಮಾಲೆ ತೋರುವುದು. ಆಧಾರವು ಏಳಾಗಲಿ, ಎಂಟಾಗಲಿ, ಹನ್ನೆರಡಾಗಲಿ, ಆರಕ್ಕಿಂತ ದೊಡ್ಡದಾಗಿದ್ದರೆ ಸಾಕು. ಆದರೆ ೧೯೬೦೮ಕ್ಕೆ ಏಳರಿಂದ ಭಾಗ ಹೋಗುವುದಿಲ್ಲ. ಆದಕಾರಣ ಅದರ ವರ್ಗಕ್ಕೆ ೪೪೧ರಿಂದಲೂ ಭಾಗ ಹೋಗುವುದಿಲ್ಲ. ಏಳರ ಪದ್ಧತಿಯಲ್ಲಿ ಮಾಲೆಯೇನೋ ಉಳಿಯಿತು. ಅದನ್ನು ೪೪೧ ಜನರಿಗೆ ನಿಶ್ಶೇಷವಾಗಿ ಹಂಚುವುದು ಮಾತ್ರ ಆಗದೆ ಹೋಯಿತು. ಆಕಾರವು ಸ್ಥಾನಪದ್ಧತಿಗೆ ಸೇರಿದ್ದು, ಭಾಜಕವು ಹತ್ತೆಂಬ ಆಧಾರದ ವಿಶೇಷಕ್ಕೆ ಸೇರಿದ್ದು ಎಂಬ ಭೇದವು ಇದರಿಂದ ಸ್ಫುಟವಾಗುತ್ತದೆ.

೪

ಆ ವಿಶೇಷವೇನೆಂದರೆ, ೧೧೧೧೧೧ ಎಂಬುದು ೧೧೧ ಮತ್ತು ೧೦೦೧ ಎಂಬ ಎರಡು ಸಂಖ್ಯೆಗಳ ಗುಣಲಬ್ಧ. ೧೧೧ರ ಅಪವರ್ತಕಗಳು ೩ ಮತ್ತು ೩೭. ೧೦೦೧ರ ಅಪವರ್ತಕಗಳು ೭, ೧೧ ಮತ್ತು ೧೩. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಒಂದೊಂದೂ ಒಂದೊಂದೇ ಸಲ ಬರುತ್ತದೆ. ವರ್ಗದಲ್ಲಿ ಒಂದೊಂದೂ ಎರಡೆರಡು ಸಲ ಬರುವುದರಿಂದ ೧೨೩೪೫೬೫೪೩೨೧ಕ್ಕೆ, ಒಂದನ್ನೂ ಆ ಸಂಖ್ಯೆಯನ್ನೂ ಸೇರಿಸಿ, ೨೪೩ ಭಾಜಕಗಳಿವೆ. ಅವುಗಳಲ್ಲಿ ಸ್ವತಃ ವರ್ಗಸಂಖ್ಯೆಗಳಾಗಿರುವವು ೩೨. ಆದುದರಿಂದ ಈ ಮಾಲೆಯನ್ನು ಎರಡು ವರ್ಗಗಳ ಗುಣಲಬ್ಧವಾಗಿ ಒಡೆಯಲು ಹದಿನಾರು ದಾರಿಗಳಿವೆ. ಆಚಾರ್ಯನು ಹಿಡಿದ ದಾರಿಯು ಈ ಹದಿನಾರರಲ್ಲಿ ಒಂದು: ೩ ಮತ್ತು ೭ನ್ನು ಒಂದು ಕಡೆಗೆ ತೆಗೆದು ೨೧ರ ವರ್ಗವಾದ ೪೪೧ನ್ನು ಗುಣಕವಾಗಿ ಇಟ್ಟಿದ್ದಾನೆ, ಉಳಿದ ೧೧, ೧೩, ೩೭ ಇವುಗಳ ಗುಣಲಬ್ಧವಾದ ೫೨೯೧ರ ವರ್ಗ, ಎಂದರೆ ೨೭೯೯೪೬೮೧, ಗುಣ್ಯವಾಗಿದೆ.

ಈ ಆಯ್ಕೆಯ ಔಚಿತ್ಯವನ್ನು ಲೆಕ್ಕ ಮಾಡಿಯೇ ಅರಿಯಬೇಕು. ೨೭೯೯೪೬೮೧ರಲ್ಲಿ ಮಾಲೆಯ ಸುಳಿವು ಎಲ್ಲಿಯೂ ಇಲ್ಲ. ಅದನ್ನು ಒಮ್ಮೆ ೨೧ರಿಂದ ಗುಣಿಸಿದರೆ ೫೮೭೮೮೮೩೦೧ ಬರುತ್ತದೆ. ಅಲ್ಲಿಯೂ ಕ್ರಮವೇನೂ ಕಾಣದು. ಎರಡನೆಯ ಸಲ ೨೧ರಿಂದ ಗುಣಿಸಿದ ಕೂಡಲೇ ೧೨೩೪೫೬೫೪೩೨೧ ಥಟ್ಟನೆ ಎದುರಿಗೆ ನಿಲ್ಲುತ್ತದೆ. ಕಡೆಯ ಹೆಜ್ಜೆಯವರೆಗೂ ಫಲವು ಅಡಗಿಕೊಂಡಿರುತ್ತದೆ. ಭಾಗಾಕಾರದಲ್ಲಿ ಇದೇ ದಾರಿಯನ್ನು ಹಿಮ್ಮುಖವಾಗಿ ನಡೆಯಬೇಕು. ಭಾಜ್ಯಭಾಜಕಗಳಿಗೆ ಸಮಾನವಾದ ಅಪವರ್ತಕವನ್ನು ಮೊದಲು ತೆಗೆದುಹಾಕಿ ಬಳಿಕ ಭಾಗಿಸಬೇಕೆಂದು ಆಚಾರ್ಯನು ಭಾಗಾಕಾರದ ಸೂತ್ರದಲ್ಲಿ ವಿಧಿಸಿದ್ದಾನೆ. ಅದರಂತೆ ಒಂಬತ್ತನ್ನು ತೆಗೆದರೆ ಭಾಜ್ಯವು ೧೩೭೧೭೩೯೩೬೯ ಆಗಿ, ಭಾಜಕವು ೪೯ ಆಗಿ ಉಳಿಯುತ್ತದೆ. ೪೯ರಿಂದ ಭಾಗಿಸಿದರೆ ೨೭೯೯೪೬೮೧ ಲಬ್ಧವಾಗಿ ಶೇಷವು ಶೂನ್ಯವಾಗುತ್ತದೆ. ಅಂಕಗಳ ಮೊತ್ತವು ಮೂವತ್ತಾರಾದುದರಿಂದ ಒಂಬತ್ತರ ಅಪವರ್ತನವು ಸಾಧ್ಯವೆಂಬುದು ನೋಡಿದೊಡನೆಯೇ ತಿಳಿಯುತ್ತದೆ; ೪೯ರ ಅಪವರ್ತನವು ಹಾಗೆ ತಿಳಿಯುವಂಥದಲ್ಲ.

೫

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಗುಣಕವು ವರ್ಗಸಂಖ್ಯೆಯಾಗಿರುವುದು ಕಾಕತಾಳೀಯವಾಗಿರಬಾರದೇಕೆ? ೨೪೩ ಭಾಜಕಗಳಲ್ಲಿ ೩೨ ವರ್ಗಗಳಿರುವುದರಿಂದ, ಕಣ್ಣುಮುಚ್ಚಿ ಒಂದನ್ನು ಆರಿಸಿದರೂ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು ವರ್ಗವೇ ಸಿಕ್ಕಬಹುದಷ್ಟೆ. ಈ ಆಕ್ಷೇಪವು ನ್ಯಾಯವಾದುದೇ. ಈ ಒಂದು ಉದಾಹರಣೆಯಿಂದಲೇ ಆಚಾರ್ಯನ ಅಭಿಪ್ರಾಯವನ್ನು ನಿರ್ಣಯಿಸುವುದು ಸಾಹಸವಾದೀತು. ಆದರೆ ಉದಾಹರಣೆಯು ಒಂಟಿಯಾಗಿ ನಿಂತಿಲ್ಲ.

ಗುಣಾಕಾರದ ಇದೇ ಪ್ರಕರಣದಲ್ಲಿ ೫೩೧೪೪೧ನ್ನು ೮೧ರಿಂದ ಗುಣಿಸುವ ಉದಾಹರಣೆಯೂ, ೨೬೨೧೪೪ನ್ನು ೬೪ರಿಂದ ಗುಣಿಸುವ ಉದಾಹರಣೆಯೂ ಇವೆ. ೫೩೧೪೪೧ ಎಂಬುದು ೭೨೯ರ ವರ್ಗ, ೮೧ ಎಂಬುದು ೯ರ ವರ್ಗ. ಫಲವಾದ ೪೩೦೪೬೭೨೧ ಎಂಬುದು ೬೫೬೧ರ ವರ್ಗ. ೨೬೨೧೪೪ ಎಂಬುದು ೫೧೨ರ ವರ್ಗ, ೬೪ ಎಂಬುದು ೮ರ ವರ್ಗ. ಫಲವಾದ ೧೬೭೭೭೨೧೬ ಎಂಬುದು ೪೦೯೬ರ ವರ್ಗ. ವರ್ಗವನ್ನು ವರ್ಗದಿಂದ ಗುಣಿಸಿ ವರ್ಗವನ್ನು ಪಡೆಯುವ ಈ ಕ್ರಮವು ಒಂದೇ ಪ್ರಕರಣದಲ್ಲಿ ಮೂರು ಸಲ ಬಂದಿರುವಾಗ ಅದನ್ನು ಕಾಕತಾಳೀಯವೆನ್ನಲಾಗದು. ವರ್ಗಮೂಲದ ಪ್ರಕರಣದಲ್ಲಿ ೬೫೫೩೬ರ ಮೂಲವನ್ನೂ, ಅದರ ವರ್ಗವಾದ ೪೨೯೪೯೬೭೨೯೬ರ ಮೂಲವನ್ನೂ ಕೇಳಿರುವುದನ್ನು ಇದರೊಡನೆ ಸೇರಿಸಿ ನೋಡಿದರೆ, ಉದಾಹರಣೆಗಳು ಮನಸ್ಸಿಗೆ ಬಂದಂತೆ ಬರೆದವುಗಳಲ್ಲ, ಮುಂದಿನ ಪರಿಕರ್ಮಗಳನ್ನು ಗಮನದಲ್ಲಿಟ್ಟು ಹೊಂದಿಸಿದವು ಎಂಬುದು ದೃಢವಾಗುತ್ತದೆ.

ಆಚಾರ್ಯನು ಕಂಠಿಕೆ, ಎಂದರೆ ಕೊರಳಹಾರ, ಎಂಬ ಹೆಸರಿನಿಂದ ಹೇಳಿರುವ ಇತರ ಸಂಖ್ಯೆಗಳೂ ಇದಕ್ಕೆ ಸಾಕ್ಷಿಯಾಗಿವೆ. ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳ ನರಪಾಲಕಂಠಿಕೆ. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ೧೪೨೮೭೧೪೩ನ್ನು ಏಳರಿಂದ ಗುಣಿಸಿದರೆ ೧೦೦೦೧೦೦೦೧. ೧೪೨೮೫೭೧೪೩ನ್ನು ಏಳರಿಂದ ಗುಣಿಸಿದರೆ ೧೦೦೦೦೦೦೦೦೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧ ಎಂಬ, ರಾಜಕುಮಾರನಿಗೆ ಒಪ್ಪುವ ಹಾರ. ಕಂಠಿಕೆಯೆಂಬ ಹೆಸರಿಲ್ಲದ ಲೆಕ್ಕಗಳಲ್ಲಿಯೂ ಇದೇ ರುಚಿ ಕಾಣುತ್ತದೆ. ಒಂದೊಂದು ಜಿನಾಲಯಕ್ಕೆ ೧೩೯ ಪುಷ್ಯರಾಗಗಳಂತೆ ೧೦೯ ಜಿನಾಲಯಗಳಿಗೆ ಬೇಕಾಗುವ ಮಣಿಗಳು ೧೫೧೫೧. ಭಾಗಾಕಾರದಲ್ಲಿ ೧೪೧೪೧ನ್ನು ೭೯ರಿಂದ ಭಾಗಿಸಿದರೆ ೧೭೯; ೩೧೩೧೩ನ್ನು ೧೮೧ರಿಂದ ಭಾಗಿಸಿದರೆ ೧೭೩.

ಇವುಗಳಲ್ಲಿ ರಾಜಕುಮಾರನ ಹಾರವು ಪ್ರಕೃತಕ್ಕೆ ಬಹಳ ಉಪಯುಕ್ತವಾದುದು. ೯೧ ಎಂದರೆ ೭ ಮತ್ತು ೧೩ರ ಗುಣಲಬ್ಧ. ೧೧೦೧೧೦೧೧ ಎಂದರೆ ೧೧ ಮತ್ತು ೧೦೦೧೦೦೧ರ ಗುಣಲಬ್ಧ. ೭, ೧೧, ೧೩ ಮೂರೂ ಕೂಡಿದಾಗ ೧೦೦೧ ಉಂಟಾಗಿ, ಅದು ೧೦೦೧೦೦೧ನ್ನು ಗುಣಿಸುವುದರಿಂದ ಹಾರವು ಸಿದ್ಧಿಸುತ್ತದೆ. ಅಂದರೆ ೧೦೦೧ರ ಮೂರು ಅಪವರ್ತಕಗಳಲ್ಲಿ ಎರಡನ್ನು ಗುಣಕದಲ್ಲಿಯೂ ಒಂದನ್ನು ಗುಣ್ಯದಲ್ಲಿಯೂ ಇಟ್ಟು ಲೆಕ್ಕವನ್ನು ಕಟ್ಟಿದೆ. ಪ್ರಕೃತ ಸಂಖ್ಯೆಯಲ್ಲಿಯೂ ಅದೇ ೧೦೦೧ರ ೭ನ್ನು ಗುಣಕದಲ್ಲಿಯೂ ೧೧ ಮತ್ತು ೧೩ನ್ನು ಗುಣ್ಯದಲ್ಲಿಯೂ ಹಂಚಿದೆ. ಒಂದೇ ಸಂಖ್ಯೆಯ ಅವಯವಗಳನ್ನು ಎರಡು ಲೆಕ್ಕಗಳಲ್ಲಿ ಎರಡು ಬಗೆಯಾಗಿ ಹಂಚಬಲ್ಲವನಿಗೆ ಆ ಅವಯವಗಳು ಚೆನ್ನಾಗಿ ತಿಳಿದಿದ್ದವೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ. ೧೧೧ರ ವಿಷಯದಲ್ಲಿಯೂ ಹೀಗೆಯೇ: ೩೭೦೩೭೦೩೭ನ್ನು ಮೂರರಿಂದ ಗುಣಿಸುವ ಉದಾಹರಣೆಯು ೩ ಮತ್ತು ೩೭ರ ಸಂಬಂಧವನ್ನು ಬಿಚ್ಚಿ ತೋರಿಸುತ್ತದೆ.

ಇಷ್ಟರಿಂದ ಮಹಾವೀರಾಚಾರ್ಯನಿಗೆ ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತವೇ ತಿಳಿದಿತ್ತೆಂದು ಹೇಳುವುದು ಯುಕ್ತವಲ್ಲ. ಈ ಮಾಲೆಗಳನ್ನು ಕಟ್ಟುವುದಕ್ಕೆ ಸೂತ್ರವೊಂದನ್ನು ಅವನು ಹೇಳಿಲ್ಲ. ಚಿಕ್ಕ ಸಂಖ್ಯೆಗಳಿಂದ ಒಂದಾದ ಮೇಲೊಂದರಂತೆ ಭಾಗಿಸಿ ನೋಡಿ, ನಿಶ್ಶೇಷವಾದವುಗಳನ್ನು ಆರಿಸಿಕೊಂಡಿರಬಹುದು. ಆದರೆ ೧೦೯, ೧೩೯, ೧೭೩, ೧೭೯, ೧೮೧ ಇಂಥ ಅವಿಭಾಜ್ಯ ಸಂಖ್ಯೆಗಳೇ ಅವಯವಗಳಾಗಿ ನಿಲ್ಲುವವರೆಗೆ ಭಾಗಿಸುತ್ತ ಹೋಗುವುದೂ ಅಲ್ಪವಾದ ಶ್ರಮವಲ್ಲ. ಲೀಲಾವತಿಯ ಗುಣಾಕಾರದ ಉದಾಹರಣೆಯು ೧೩೫ನ್ನು ೧೨ರಿಂದ ಗುಣಿಸಿ ೧೬೨೦ನ್ನು ಪಡೆಯುವುದು. ವಿಧಾನವನ್ನು ಬೋಧಿಸುವುದಕ್ಕೆ ಅಷ್ಟು ಸಾಕು. ಅಲ್ಲಿ ಫಲದ ಆಕಾರಕ್ಕೆ ಯಾವ ಪ್ರಾಧಾನ್ಯವೂ ಇಲ್ಲ. ಭಾಸ್ಕರನ ಪ್ರತಿಭೆಯು ಬೇರೆ ಕ್ಷೇತ್ರಗಳಲ್ಲಿ ಬೆಳಗಿತು. ಸಾಮಾನ್ಯ ಗುಣಾಕಾರದಲ್ಲಿಯೇ ಸಂಖ್ಯೆಯ ಒಳರಚನೆಯನ್ನು ತೋರಿಸಿಕೊಡುವ ಬಗೆಯು ಗಣಿತಸಾರಸಂಗ್ರಹದ ವೈಶಿಷ್ಟ್ಯ.

೬

ಮಾಲೆಯ ಪ್ರಯೋಜನವು ಇನ್ನೊಂದುಂಟು. ಅದು ಪಾಠರಕ್ಷಣೆಗೆ ಸಂಬಂಧಿಸಿದುದು. ಶಾಸ್ತ್ರಗ್ರಂಥಗಳು ಪದ್ಯರೂಪದಲ್ಲಿರುವುದರಿಂದ ಸಂಖ್ಯೆಗಳನ್ನು ಶಬ್ದಗಳಿಂದಲೇ ಹೇಳಬೇಕು. ಶಶಿಯೆಂದರೆ ಒಂದು, ನಯನವೆಂದರೆ ಎರಡು, ಅಬ್ಧಿಯೆಂದರೆ ನಾಲ್ಕು, ಋತುವೆಂದರೆ ಆರು ಎಂಬ ಸಂಕೇತಗಳು ಪ್ರಸಿದ್ಧವಾಗಿವೆ. ಆದರೆ ಎಲ್ಲ ಸಂಕೇತಗಳೂ ಎಲ್ಲರಿಗೂ ಸಮಾನವಲ್ಲ. ತತ್ತ್ವಗಳು ಜೈನರ ಮತದಲ್ಲಿ ಏಳು. ಸಾಂಖ್ಯರ ಮತದಲ್ಲಿ ಇಪ್ಪತ್ತೈದು. ಓಲೆಯನ್ನು ಪ್ರತಿಮಾಡುವ ಲಿಪಿಕಾರನು ಒಂದು ಶಬ್ದವನ್ನು 
ಹಿಂದುಮುಂದು ಮಾಡಿದರೂ, ಒಂದು ಅಕ್ಷರವನ್ನು ತಪ್ಪಾಗಿ ಓದಿದರೂ, ಛಂದಸ್ಸು ಕೆಡದೆಯೇ ಸಂಖ್ಯೆಯು ಕೆಟ್ಟುಹೋಗಬಹುದು. ವ್ಯಾಕರಣವಾಗಲಿ ಅಲಂಕಾರವಾಗಲಿ ಅಂಥ ಅಪಪಾಠವನ್ನು ತೋರಿಸಿಕೊಡಲಾರದು.

ಗಣಿತವನ್ನು ಪರೀಕ್ಷಿಸಲು ನವಶೇಷವೆಂಬ ಒಂದು ಉಪಾಯವುಂಟು. ಅದು ದ್ವಿತೀಯ ಆರ್ಯಭಟನ ಮಹಾಸಿದ್ಧಾಂತದಲ್ಲಿ ಕಾಣುತ್ತದೆ. ಗುಣ್ಯ, ಗುಣಕ, ಫಲ ಇವುಗಳ ಅಂಕಗಳನ್ನು ಕೂಡಿ, ಒಂಬತ್ತನ್ನು ಕಳೆದ ಶೇಷಗಳು ಪರಸ್ಪರ ಹೊಂದುತ್ತವೆಯೇ ಎಂದು ನೋಡುವುದು ಅದರ ಕ್ರಮ. ಆದರೆ ಪ್ರಕೃತ ಲೆಕ್ಕದಲ್ಲಿ ಆ ಉಪಾಯವು ಗುಣ್ಯದ ದೋಷವನ್ನು ಹಿಡಿಯಲಾರದು. ಗುಣಕವಾದ ೪೪೧ಕ್ಕೇ ಒಂಬತ್ತರಿಂದ ಭಾಗ ಹೋಗುವುದರಿಂದ, ಗುಣ್ಯವು ಏನೇ ಆಗಿದ್ದರೂ ಫಲದ ನವಶೇಷವು ಶೂನ್ಯವೇ. ಲಿಪಿಕಾರನೊಬ್ಬನು ನಾಲ್ಕನ್ನೂ ಆರನ್ನೂ ಅದಲುಬದಲು ಮಾಡಿ ೨೭೯೯೬೪೮೧ ಎಂದು ಬರೆದನೆಂದು ಊಹಿಸಿದರೆ, ಅದನ್ನು ೪೪೧ರಿಂದ ಗುಣಿಸಿದಾಗ ೧೨೩೪೬೪೪೮೧೨೧ ಬರುತ್ತದೆ. ಅದರ ಅಂಕಗಳ ಮೊತ್ತವೂ ಮೂವತ್ತಾರೇ. ನವಶೇಷವು ಒಪ್ಪಿದ ಈ ತಪ್ಪನ್ನು ಮಾಲೆಯು ಒಪ್ಪುವುದಿಲ್ಲ. ನಡುವಿನಲ್ಲಿ ಹಾರವು ಕಡಿದಿರುವುದು ಕಣ್ಣಿಗೇ ಕಾಣುತ್ತದೆ.

ಇದಕ್ಕೂ ಮಿಗಿಲಾಗಿ, ಭಾಗಾಕಾರದ ಉದಾಹರಣೆಯು ಗುಣಾಕಾರದ ಉದಾಹರಣೆಗೆ ಸಾಕ್ಷಿಯಾಗಿ ನಿಂತಿದೆ. ಗುಣಾಕಾರದ ಪದ್ಯದಲ್ಲಿ ಒಂದು ಸಂಖ್ಯಾಶಬ್ದವನ್ನು ಹುಳು ತಿಂದಿದ್ದರೂ, ಭಾಗಾಕಾರದ ಪದ್ಯದಲ್ಲಿ ವರ್ಣಿತವಾದ ಮಾಲೆಯನ್ನು ೪೪೧ರಿಂದ ಭಾಗಿಸಿ ಲುಪ್ತವಾದ ಅಂಕವನ್ನು ನಿಸ್ಸಂಶಯವಾಗಿ ತುಂಬಬಹುದು. ಭಾಗಾಕಾರದ ಪದ್ಯವೇ ಹಾಳಾಗಿದ್ದರೆ ಗುಣಾಕಾರದ ಪದ್ಯದಿಂದ ಅದನ್ನು ಉದ್ಧರಿಸಬಹುದು. ಒಂದೇ ಗ್ರಂಥದೊಳಗೆ ಎರಡು ಪದ್ಯಗಳು ಒಂದನ್ನೊಂದು ಕಾಯುತ್ತಿರುವ ಈ ಸನ್ನಿವೇಶವು ಗ್ರಂಥಸಂಪಾದಕನಿಗೆ ದೊರೆಯುವುದು ಅಪರೂಪ. ಆಚಾರ್ಯನು ಪಾಠರಕ್ಷಣೆಗೆಂದೇ ಹೀಗೆ ರಚಿಸಿದನೆಂದು ಸಾಧಿಸುವುದಕ್ಕೆ ಆಧಾರವಿಲ್ಲ. ಶಿಷ್ಯನು ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಲೆಂಬ ಉದ್ದೇಶವಿದ್ದಿರಬಹುದು. ಆದರೆ ಶಿಷ್ಯನಿಗೆ ನೆರವಾದುದೇ ಸಾವಿರ ವರ್ಷಗಳ ತರುವಾಯ ಸಂಪಾದಕನಿಗೂ ನೆರವಾಗುತ್ತದೆ.

ಇದರಿಂದ ಸಂಪಾದಕರಿಗೆ ಒಂದು ಎಚ್ಚರಿಕೆಯೂ ಸಿಗುತ್ತದೆ. ಗ್ರಂಥದ ಎಲ್ಲ ಲೆಕ್ಕಗಳ ಫಲವೂ ಮಾಲೆಯಾಗಿರಬೇಕೆಂದಿಲ್ಲ. ಆಕಾರವಿಲ್ಲದ ಫಲವನ್ನು ಕಂಡು, ಪಾಠವು ಕೆಟ್ಟಿದೆಯೆಂದು ಭಾವಿಸಿ, ಹಾರವನ್ನು ಕಟ್ಟುವ ಆಸೆಯಿಂದ ಅಂಕಗಳನ್ನು ತಿದ್ದುವುದು ಅಪಚಾರವಾದೀತು. ಕಂಠಿಕೆಯೆಂದು ಆಚಾರ್ಯನೇ ಹೇಳಿದಲ್ಲಿ, ಅಥವಾ ಪ್ರಕೃತ ಸಂಖ್ಯೆಯಂತೆ ಗ್ರಂಥದಲ್ಲಿಯೇ ಎರಡನೆಯ ಸಾಕ್ಷಿಯಿರುವಲ್ಲಿ ಮಾತ್ರ ಆಕಾರವನ್ನು ಪ್ರಮಾಣವಾಗಿ ಹಿಡಿಯತಕ್ಕದ್ದು.

೭

ಈವರೆಗಿನ ಪರಿಶೀಲನೆಯಿಂದ ಸಿದ್ಧವಾಗುವ ಅಂಶಗಳಿವು. ೧೨೩೪೫೬೫೪೩೨೧ ಎಂಬುದು ಆರು ಒಂದುಗಳ ವರ್ಗ. ಅದರ ಸಮರೂಪವು ಸ್ಥಾನಪದ್ಧತಿಯ ಫಲವಾಗಿದ್ದು ಆಧಾರವು ಆರಕ್ಕಿಂತ ಹೆಚ್ಚಾಗಿರುವ ಎಲ್ಲ ಪದ್ಧತಿಗಳಲ್ಲಿಯೂ ಉಂಟಾಗುವುದು. ಅದರ ಅಪವರ್ತಕಗಳಾದ ೩, ೭, ೧೧, ೧೩, ೩೭ ಮಾತ್ರ ದಶಪದ್ಧತಿಯ ವಿಶೇಷ. ೪೪೧ ಎಂಬ ಗುಣಕವನ್ನು ಆರಿಸಿದುದು, ವರ್ಗವನ್ನು ವರ್ಗದಿಂದ ಗುಣಿಸುವ ಇತರ ಎರಡು ಉದಾಹರಣೆಗಳಿಂದಲೂ, ೧೦೦೧ರ ಅವಯವಗಳನ್ನು ಬೇರೆ ಬಗೆಯಾಗಿ ಹಂಚಿದ ರಾಜಕುಮಾರನ ಹಾರದಿಂದಲೂ, ಬುದ್ಧಿಪೂರ್ವಕವಾದುದೆಂದು ತಿಳಿಯುತ್ತದೆ. ಆ ಸಂಖ್ಯೆಯು ಎರಡು ಕಡೆ ಬಂದಿರುವುದರಿಂದ ಎರಡು ಪದ್ಯಗಳ ಪಾಠವೂ ಭದ್ರವಾಗಿದೆ.

ನಮ್ಮ ದೇಶದ ಪ್ರಾಚೀನ ಗಣಿತವನ್ನು ಕುರಿತು ಎರಡು ತರದ ಅತಿಮಾತುಗಳು ಕೇಳಿಬರುವುದುಂಟು. ಹಿಂದಿನವರಿಗೆ ತಿಳಿಯದಿದ್ದುದು ಯಾವುದೂ ಇಲ್ಲವೆಂಬುದು ಒಂದು. ಅವರದು ಬರಿಯ ಬಾಯಿಲೆಕ್ಕವೂ ಒಗಟೂ ಮಾತ್ರವೆಂಬುದು ಇನ್ನೊಂದು. ಗ್ರಂಥವನ್ನು ಬಿಚ್ಚಿ, ಹಲಗೆಬಳಪಗಳನ್ನು ಹಿಡಿದು, ಒಂದು ಸಂಖ್ಯೆಯನ್ನಾದರೂ ಕಡೆಯವರೆಗೆ ಗುಣಿಸಿ ಭಾಗಿಸಿ ನೋಡಿದವನಿಗೆ ಇವೆರಡೂ ರುಚಿಸಲಾರವು. ಮಹಾವೀರಾಚಾರ್ಯನು ಸಿದ್ಧಾಂತವನ್ನು ಹೇಳಲಿಲ್ಲ. ಆದರೆ ಸಂಖ್ಯೆಯನ್ನು ಒಡೆದು ನೋಡಿದನು, ಒಡೆದುದನ್ನು ಮತ್ತೆ ಪೋಣಿಸಿದನು. ರಾಷ್ಟ್ರಕೂಟರ ಕಾಲದ ಬಾಲಕರು ಹಲಗೆಯ ಮೇಲೆ ಮಾಡಬಹುದಾಗಿದ್ದ ಆ ಲೆಕ್ಕವನ್ನು ಇಂದಿನ ಬಾಲಕರೂ ಮಾಡಬಹುದು. ಉತ್ತರವು ಸರಿಯೋ ತಪ್ಪೋ ಎಂದು ಕೇಳಲು ಅವರು ಗುರುಗಳ ಬಳಿಗೆ ಹೋಗಬೇಕಾಗಿಲ್ಲ.